ಬಸದಿಯ ನಿಧಿಯೂ ಅದನ್ನು ಕಾಯುವ ವಿದ್ಯೆಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

  

ಶಿಲ್ಪಿಯ ಕೈಯಿಂದ ಬಂದ ಶಿಲೆಯು ಗರ್ಭಾವತರಣದಿಂದ ಮೊದಲ್ಗೊಂಡು ನಿರ್ವಾಣ ಕಲ್ಯಾಣದವರೆಗಿನ ವಿಧಿಗಳನ್ನು ಪಡೆದು ಪೂಜಾರ್ಹವಾದ ಜಿನಬಿಂಬವಾಗುವ ಪುಣ್ಯಕಾಲವಿದು. ಇಂತಹ ಸಮಯದಲ್ಲಿ ಸಮಾಜದ ಕಣ್ಣೆಲ್ಲವೂ ಹೊಸ ಬಿಂಬದ ಮೇಲಿರುವುದು ಸಹಜ. ಅದಕ್ಕೆ ನಿತ್ಯಪೂಜೆ, ಅಭಿಷೇಕ, ನಂದಾದೀಪಗಳ ವ್ಯವಸ್ಥೆಯಾಗುತ್ತದೆ. ದಾನಿಗಳ ಹೆಸರು ಫಲಕದ ಮೇಲೆ ಬರುತ್ತದೆ. ಆದರೆ ಬಹುತೇಕ ಎಲ್ಲ ಹಳೆಯ ಬಸದಿಗಳಲ್ಲಿಯೂ ಗರ್ಭಗೃಹದ ಪಕ್ಕದಲ್ಲಿ ಒಂದು ಕತ್ತಲೆಯ ಕೋಣೆ ಇರುತ್ತದೆ. ಅಲ್ಲಿ ಗೇಣುದ್ದದ ಪಂಚಲೋಹದ ಬಿಂಬಗಳು, ಭಿನ್ನವಾದ ಯಕ್ಷಯಕ್ಷಿಯರ ಮೂರ್ತಿಗಳು, ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟುಗಳು, ಹಿತ್ತಾಳೆಯ ದೀಪಗಳು, ಮರದ ಪಲ್ಲಕ್ಕಿಯ ತುಂಡುಗಳು ಒಂದರ ಮೇಲೊಂದು ಇರುತ್ತವೆ. ಅವುಗಳ ಯೋಗಕ್ಷೇಮವನ್ನು ನೋಡಿಕೊಳ್ಳುವವರು ಯಾರು? ಹೇಗೆ ನೋಡಿಕೊಳ್ಳಬೇಕೆಂಬುದನ್ನು ಬಲ್ಲವರು ಯಾರು? ಇಂದಿನ ವಿಚಾರವು ಇದೇ.

ಈ ಕಾಯುವ ಕೆಲಸಕ್ಕೆ ಒಂದು ಶಾಸ್ತ್ರವಿದೆ. ಅದನ್ನು ವಸ್ತುಸಂಗ್ರಹಾಲಯ ವಿಜ್ಞಾನವೆಂದು ಕರೆಯುತ್ತಾರೆ. ವಸ್ತುವನ್ನು ಗುರುತಿಸುವುದು, ದಾಖಲೆ ಮಾಡುವುದು, ಕೆಡದಂತೆ ಇಡುವುದು, ಅದರ ಅರ್ಥವನ್ನು ಜನರಿಗೆ ತಿಳಿಸುವುದು ಎಂಬ ನಾಲ್ಕು ಕಾರ್ಯಗಳು ಅದರ ನಾಲ್ಕು ಕಂಬಗಳು. ಭಾರತದಲ್ಲಿ ಇದನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಕಲಿಸುವ ವಿಭಾಗವು 1952ರಲ್ಲಿ ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದಕ್ಕೆ ಮುಂಚೆಯೇ ಆ ನಗರದಲ್ಲಿ ಸಯಾಜಿರಾವ್ ಗಾಯಕವಾಡರು ಸ್ಥಾಪಿಸಿದ ದೊಡ್ಡ ವಸ್ತುಸಂಗ್ರಹಾಲಯವಿತ್ತು. ಈ ವಿದ್ಯೆಯು ಬೆಳೆಯಬೇಕಾದ ನೆಲವೂ ಅಂತಹುದೇ. ಪುಸ್ತಕವನ್ನು ಓದಿ ಈಜು ಕಲಿಯಲಾಗದು. ಪುಸ್ತಕವನ್ನು ಓದಿ ಓಲೆಗರಿಯ ಕಟ್ಟನ್ನು ಬಿಚ್ಚಲೂ ಆಗದು. ಗರಿಯು ಎಷ್ಟು ಒಣಗಿದೆ, ಎಷ್ಟು ಬಾಗಿದರೆ ಮುರಿದೀತು ಎಂಬುದನ್ನು ಬೆರಳೇ ಕಲಿಯಬೇಕು.

ಬರೋಡೆಗೆ ಜೈನ ಸಮಾಜದೊಡನೆ ಇನ್ನೊಂದು ನಂಟೂ ಇದೆ. ಅಲ್ಲಿಗೆ ಸಮೀಪದ ಅಕೋಟಾ ಎಂಬಲ್ಲಿ 1951ರಲ್ಲಿ ನೆಲದಡಿಯಿಂದ ಜೈನ ಕಂಚಿನ ಮೂರ್ತಿಗಳ ಒಂದು ನಿಧಿಯೇ ದೊರೆಯಿತು. ಅವುಗಳಲ್ಲಿ ಅತಿ ಹಳೆಯವು ಸುಮಾರು 1500 ವರ್ಷಗಳಷ್ಟು ಪ್ರಾಚೀನವಾದುವು. ವಿದ್ವಾಂಸರಾದ ಉಮಾಕಾಂತ ಪ್ರೇಮಾನಂದ ಶಾಹರು ಅವುಗಳನ್ನು ಒಂದೊಂದಾಗಿ ಪರಿಶೀಲಿಸಿ 1959ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮೂರ್ತಿಗಳ ಪೀಠದ ಮೇಲೆಯೂ ಹಿಂಬದಿಯಲ್ಲಿಯೂ ಕೊರೆದ ಸಣ್ಣ ಸಣ್ಣ ಬರಹಗಳೇ ಅವರಿಗೆ ದಾರಿದೀಪವಾದುವು. ಜೀವಂತಸ್ವಾಮಿಯ ಒಂದು ಮೂರ್ತಿಯನ್ನು ದಾನ ಮಾಡಿದವಳು ಚಂದ್ರಕುಲಕ್ಕೆ ಸೇರಿದ ನಾಗೀಶ್ವರಿಯೆಂಬ ಶ್ರಾವಿಕೆ ಎಂಬುದು ಅಂತಹ ಒಂದು ಬರಹದಿಂದಲೇ ಲೋಕಕ್ಕೆ ತಿಳಿಯಿತು. ಆ ಮೂರ್ತಿಯನ್ನು ಯಾರಾದರೂ ಹುಣಿಸೆಹಣ್ಣು ಇಟ್ಟಿಗೆಪುಡಿಗಳಿಂದ ತಿಕ್ಕಿ ತಿಕ್ಕಿ ಹೊಳೆಯಿಸಿದ್ದರೆ ನಾಗೀಶ್ವರಿಯ ಹೆಸರು ತೊಳೆದ ನೀರಿನೊಡನೆ ಹರಿದುಹೋಗುತ್ತಿತ್ತು.

ದಾಖಲೆಯ ಮಹತ್ತ್ವವನ್ನು ತಿಳಿಯಲು ಮಥುರೆಯ ಕಂಕಾಲೀ ದಿಬ್ಬದ ಕಥೆಯನ್ನು ನೆನೆಯಬೇಕು. 1888ರಿಂದ 1891ರವರೆಗೆ ಫ್ಯೂರರ್ ಎಂಬ ಅಧಿಕಾರಿಯು ಆ ದಿಬ್ಬವನ್ನು ಅಗೆಸಿದನು. ಪ್ರಾಚೀನ ಜೈನ ಸ್ತೂಪದ ಅವಶೇಷಗಳು, ಆಯಾಗಪಟಗಳು, ತೀರ್ಥಂಕರ ಬಿಂಬಗಳು ನೂರಾರು ಸಂಖ್ಯೆಯಲ್ಲಿ ಹೊರಬಂದುವು. ಅವುಗಳಲ್ಲಿ ಬಹುಪಾಲು ಲಖನೌ ವಸ್ತುಸಂಗ್ರಹಾಲಯವನ್ನು ಸೇರಿದುವು. ಜಾರ್ಜ್ ಬ್ಯೂಲರ್ ಎಂಬ ವಿದ್ವಾಂಸನು ಅಲ್ಲಿಯ ಶಾಸನಗಳನ್ನು ಓದಿ, ಅವುಗಳಲ್ಲಿ ಬರುವ ಗಣ, ಕುಲ, ಶಾಖೆಗಳ ಹೆಸರುಗಳು ಕಲ್ಪಸೂತ್ರದ ಸ್ಥವಿರಾವಳಿಯೊಡನೆ ಹೊಂದುತ್ತವೆಯೆಂದು ತೋರಿಸಿದನು. ಜೈನಧರ್ಮದ ಪ್ರಾಚೀನತೆಯನ್ನೇ ಸಂಶಯಿಸುತ್ತಿದ್ದವರಿಗೆ ಕಲ್ಲುಗಳೇ ಉತ್ತರ ಕೊಟ್ಟುವು. ಇದು ಹರ್ಷದ ವಿಷಯ.

ಆದರೆ ಇದೇ ಕಥೆಗೆ ದುಃಖದ ಮುಖವೂ ಇದೆ. ಯಾವ ಕಲ್ಲು ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ದೊರೆಯಿತೆಂಬ ವಿವರವು ಸರಿಯಾಗಿ ಬರೆದಿಡಲ್ಪಡಲಿಲ್ಲ. ಕಡೆಗೆ ಫ್ಯೂರರನು ಉದ್ಯೋಗದಿಂದ ನಿರ್ಗಮಿಸಿದ ಮೇಲೆ, ವಿನ್ಸೆಂಟ್ ಸ್ಮಿತ್ ಎಂಬವನು ಅವನು ಬಿಟ್ಟುಹೋದ ಚಿತ್ರಫಲಕಗಳನ್ನು ಆಧರಿಸಿ 1901ರಲ್ಲಿ ಒಂದು ಗ್ರಂಥವನ್ನು ಹೊರತರಬೇಕಾಯಿತು. ಕಲ್ಲು ಉಳಿಯಿತು, ಆದರೆ ಕಲ್ಲಿನ ನೆರೆಹೊರೆ ಅಳಿಯಿತು. ಇಂದು ಎಂತಹ ಪಂಡಿತನೇ ಬರಲಿ, ಆ ಮೂರು ವರ್ಷಗಳಲ್ಲಿ ಬರೆಯದೆ ಬಿಟ್ಟುದನ್ನು ಮತ್ತೆ ಬರೆಯಲಾರನು. ಬಸದಿಯ ಜೀರ್ಣೋದ್ಧಾರಕ್ಕೆ ಕೈಹಾಕುವ ಪ್ರತಿಯೊಂದು ಆಡಳಿತ ಮಂಡಳಿಯೂ ಈ ಮಾತನ್ನು ಹೃದಯದಲ್ಲಿಟ್ಟುಕೊಳ್ಳಬೇಕು. ಒಂದು ಕಲ್ಲನ್ನು ಅದರ ಸ್ಥಳದಿಂದ ಕದಲಿಸುವ ಮೊದಲು ಬರೆಯುವುದಕ್ಕೆ ಒಂದು ಗಳಿಗೆ ಸಾಕು; ಕದಲಿಸಿದ ಮೇಲೆ ನೂರು ವರ್ಷವೂ ಸಾಲದು.

ಅದೇ ಲಖನೌ ವಸ್ತುಸಂಗ್ರಹಾಲಯದಲ್ಲಿ ಜೆ 24 ಎಂಬ ಸಂಖ್ಯೆಯ ಒಂದು ಸರಸ್ವತಿಯ ಮೂರ್ತಿಯಿದೆ. ಕಂಕಾಲೀ ದಿಬ್ಬದಿಂದಲೇ ಬಂದುದು. ತಲೆಯ ಭಾಗವು ಒಡೆದುಹೋಗಿದೆ, ಎಡಗೈಯಲ್ಲಿ ಗ್ರಂಥವಿದೆ. ಸರಸ್ವತಿಯ ಮೂರ್ತಿಗಳಲ್ಲಿ ಇದುವರೆಗೆ ತಿಳಿದುಬಂದ ಅತ್ಯಂತ ಪ್ರಾಚೀನವಾದುದು ಇದೇ ಎಂದು ಹೇಳುತ್ತಾರೆ. ಪೀಠದ ಬರಹವು ಇದನ್ನು ಮಾಡಿಸಿಕೊಟ್ಟವನು ಗೋವನೆಂಬ ಕಮ್ಮಾರನೆಂದು ಸಾರುತ್ತದೆ. ರಾಜನಲ್ಲ, ಮಂತ್ರಿಯಲ್ಲ, ಕಬ್ಬಿಣವನ್ನು ಬಡಿದು ಬದುಕುತ್ತಿದ್ದ ಒಬ್ಬ ಶ್ರಾವಕ. ಭಿನ್ನವಾಯಿತೆಂದು ಆ ಮೂರ್ತಿಯನ್ನು ಯಾರಾದರೂ ಸುಣ್ಣದ ಗೂಡಿಗೆ ಹಾಕಿದ್ದರೆ, ಆ ಕಮ್ಮಾರನ ಶ್ರುತಭಕ್ತಿಯ ಸುದ್ದಿಯು ಇಂದಿನವರಿಗೆ ಮುಟ್ಟುತ್ತಲೇ ಇರಲಿಲ್ಲ.

ಇನ್ನು ಕನ್ನಡ ನಾಡಿಗೆ ಬರೋಣ. ಸ್ಥಳಕ್ಕೆ ಹೋಗಿ ಕಲಿಯುವುದೆಂದರೆ ಏನೆಂಬುದನ್ನು ಶ್ರವಣಬೆಳಗೊಳದ ಶಾಸನಗಳ ಲೆಕ್ಕವೊಂದೇ ತಿಳಿಸಿಕೊಡುತ್ತದೆ. 1889ರಲ್ಲಿ ಲೂಯಿ ರೈಸ್ ಅವರು ಪ್ರಕಟಿಸಿದ ಸಂಪುಟದಲ್ಲಿ ಇದ್ದ ಶಾಸನಗಳು 144. ಅನಂತರ ಆರ್. ನರಸಿಂಹಾಚಾರ್ಯರು ಬೆಟ್ಟದ ಬಂಡೆಗಳನ್ನೂ ಬಸದಿಗಳ ಮೂಲೆಮೂಲೆಗಳನ್ನೂ ಹುಡುಕಿ 1923ರಲ್ಲಿ 500 ಶಾಸನಗಳನ್ನು ಹೊರತಂದರು. 1973ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಪರಿಷ್ಕೃತ ಸಂಪುಟದಲ್ಲಿ ಅವು 573 ಆದುವು. ಈ 84 ವರ್ಷಗಳಲ್ಲಿ ವಿಂಧ್ಯಗಿರಿ ಚಂದ್ರಗಿರಿಗಳ ಮೇಲೆ ಹಳೆಯ ಶಾಸನಗಳೇನೂ ಹೊಸದಾಗಿ ಹುಟ್ಟಲಿಲ್ಲ. ಅವು ಅಲ್ಲಿಯೇ ಇದ್ದುವು. ಯಾತ್ರಿಕರು ಅವುಗಳ ಮೇಲೆಯೇ ನಡೆದುಹೋಗುತ್ತಿದ್ದರು. ಕಲಿತ ಕಣ್ಣು ಬಂದಾಗ ಮಾತ್ರ ಅವು ಕಾಣಿಸಿಕೊಂಡುವು. ಪ್ರತಿಯೊಂದು ಊರಿನ ಬಸದಿಯಲ್ಲಿಯೂ ಹೀಗೆ ಕಾಣಿಸಿಕೊಳ್ಳಲು ಕಾದು ಕುಳಿತ ಬರಹಗಳು ಇದ್ದೀತು. ಮೆಟ್ಟಲಾದ ಕಲ್ಲಿನ ಅಡಿಯಲ್ಲಿ, ಸುಣ್ಣ ಬಳಿದ ಕಂಬದ ಮೈಯಲ್ಲಿ, ಗಂಟೆಯ ಅಂಚಿನಲ್ಲಿ, ಪ್ರಭಾವಳಿಯ ಹಿಂದೆ.

ಮೂಡಬಿದಿರೆಯ ಉದಾಹರಣೆಯು ಇನ್ನೂ ದೊಡ್ಡದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಡವೋಲೆಯ ಪ್ರತಿಗಳು ಶತಮಾನಗಳ ಕಾಲ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದುವು. ಉತ್ತರದೇಶದ ಪಂಡಿತರು ಹೆಸರನ್ನು ಮಾತ್ರ ಕೇಳಿದ್ದ ಆಗಮವು ತುಳುನಾಡಿನ ಮಳೆಗೂ ಗೆದ್ದಲಿಗೂ ಬಲಿಯಾಗದೆ ಉಳಿದುದು, ತಲೆಮಾರಿನಿಂದ ತಲೆಮಾರಿಗೆ ಅದನ್ನು ಕಾಯ್ದ ಭಟ್ಟಾರಕರ, ಪುರೋಹಿತರ, ಶ್ರಾವಕರ ಎಚ್ಚರದಿಂದ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯವು ಆರಂಭವಾಯಿತು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಮುಂದಕ್ಕೆ ಧವಲೆಯು 16 ಸಂಪುಟಗಳಲ್ಲಿ ಅಚ್ಚಾಯಿತು. ಒಂದು ಬಸದಿಯ ಪೆಟ್ಟಿಗೆಯೊಳಗಿನ ನಿಧಿಯು ಸಮಸ್ತ ಜೈನ ಜಗತ್ತಿನ ನಿಧಿಯಾಯಿತು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಪರಿಶ್ರಮವನ್ನೂ ಇಲ್ಲಿ ಸ್ಮರಿಸುವುದು ಕರ್ತವ್ಯ. ಮೂಡಬಿದಿರೆಯ ಜೈನಮಠ, ಸಿದ್ಧಾಂತ ಬಸದಿ, ಕಾರ್ಕಳದ ಜೈನಮಠ ಮೊದಲಾದ ಕಡೆಗಳ ಭಂಡಾರಗಳ ಗ್ರಂಥಗಳನ್ನು ಪರಿಶೀಲಿಸಿ ಅವರು ಸಿದ್ಧಪಡಿಸಿದ ತಾಡಪತ್ರೀಯ ಗ್ರಂಥಸೂಚಿಯನ್ನು 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿತು. ಯಾವ ಕಟ್ಟಿನಲ್ಲಿ ಯಾವ ಗ್ರಂಥವಿದೆ, ಕರ್ತೃ ಯಾರು, ಗರಿಗಳು ಎಷ್ಟು ಎಂದು ಬರೆಯುವುದು ಹೊರನೋಟಕ್ಕೆ ಗುಮಾಸ್ತನ ಕೆಲಸದಂತೆ ಕಾಣುತ್ತದೆ. ಆದರೆ ಸೂಚಿಯಿಲ್ಲದ ಭಂಡಾರವು ಬೀಗದ ಕೈ ಕಳೆದ ತಿಜೋರಿಯಂತೆ. ಒಳಗೆ ಹೊನ್ನಿದ್ದರೂ ಮನೆಯವರಿಗೆ ಉಪಯೋಗವಿಲ್ಲ.

ಶ್ರಾವಕರಲ್ಲಿ ಅನೇಕರು ವ್ಯಾಪಾರಸ್ಥರು. ಅಂಗಡಿಯಲ್ಲಿ ಕುಳಿತವನಿಗೆ ದಾಸ್ತಾನು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಮಾಲನ್ನು ಎಣಿಸಿ, ತೂಗಿ, ಖಾತೆಯೊಡನೆ ತಾಳೆನೋಡದ ವ್ಯಾಪಾರಿಯು ಬಹುಕಾಲ ವ್ಯಾಪಾರ ಮಾಡಲಾರನು. ದೀಪಾವಳಿಯ ದಿನ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಸಮಾಜವಿದು. ಮೆಣಸಿನ ಚೀಲಕ್ಕೂ ಬಟ್ಟೆಯ ಥಾನಿಗೂ ಲೆಕ್ಕವಿರುವ ಮನೆಯವರು, ಸಾವಿರ ವರ್ಷದ ಬಿಂಬಕ್ಕೆ ಲೆಕ್ಕವಿಲ್ಲದಿರುವುದನ್ನು ಸಹಿಸಿಕೊಂಡು ಬಂದುದು ಆಶ್ಚರ್ಯವೇ ಸರಿ. ವಸ್ತುಸಂಗ್ರಹಾಲಯದಲ್ಲಿ ಕಲಿಯಲು ಹೋದ ವಿದ್ಯಾರ್ಥಿಗೆ ಮೊದಲು ಪರಿಚಯವಾಗುವುದೂ ಇಂತಹ ಲೆಕ್ಕದ ಪುಸ್ತಕವೇ. ಪ್ರತಿಯೊಂದು ವಸ್ತುವಿಗೂ ಒಂದೇ ಒಂದು ಸಂಖ್ಯೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡುವಂತಿಲ್ಲ. ಅದರ ಮುಂದೆ ವಸ್ತುವಿನ ಹೆಸರು, ಯಾವುದರಿಂದ ಮಾಡಿದ್ದು, ಎತ್ತರ, ಅಗಲ, ದಪ್ಪ, ತೂಕ, ಎಲ್ಲಿಂದ ಯಾವಾಗ ಬಂತು, ಬರಹವಿದ್ದರೆ ಅದರ ಪಾಠ, ಎಲ್ಲಿ ಒಡೆದಿದೆ, ಎಲ್ಲಿ ಸವೆದಿದೆ ಎಂಬ ವಿವರ, ಮುಂಬದಿ ಹಿಂಬದಿ ಪಕ್ಕಗಳ ಛಾಯಾಚಿತ್ರ. 1997ರಲ್ಲಿ ಪ್ರಕಟವಾದ ಆಬ್ಜೆಕ್ಟ್ ಐಡಿ ಎಂಬ ಅಂತರರಾಷ್ಟ್ರೀಯ ಕ್ರಮವು ಕೇಳುವುದೂ ಹೆಚ್ಚುಕಡಮೆ ಇಷ್ಟನ್ನೇ. ಒಂದು ವಸ್ತು ಕಳವಾದರೆ ಅದನ್ನು ಜಗತ್ತಿನ ಯಾವ ಮೂಲೆಯಲ್ಲಿಯೂ ಗುರುತಿಸಲು ಸಾಧ್ಯವಾಗಬೇಕೆಂಬುದೇ ಅದರ ಉದ್ದೇಶ.

ಈ ಗುರುತಿನಿಂದ ಆಗುವ ಪ್ರಯೋಜನಕ್ಕೆ ತಮಿಳುನಾಡಿನ ಒಂದು ನಿದರ್ಶನವಿದೆ. ಆನಂದಮಂಗಲವೆಂಬ ಊರಿನ ದೇವಾಲಯದ ರಾಮ, ಲಕ್ಷ್ಮಣ, ಸೀತೆಯರ ಕಂಚಿನ ಮೂರ್ತಿಗಳನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1958ರಲ್ಲಿ ಛಾಯಾಚಿತ್ರ ತೆಗೆದಿಟ್ಟಿದ್ದರು. 1978ರಲ್ಲಿ ಅವು ಕಳವಾದುವು. ದಶಕಗಳು ಕಳೆದ ಮೇಲೆ ಇಂಗ್ಲೆಂಡಿನಲ್ಲಿ ಪತ್ತೆಯಾದಾಗ, ಆ ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಿ ಇವು ಅವೇ ಎಂದು ನಿಶ್ಚಯಿಸಲು ಸಾಧ್ಯವಾಯಿತು. 2020ರಲ್ಲಿ ಅವು ಭಾರತಕ್ಕೆ ಮರಳಿದುವು. ಜೈನ ಕ್ಷೇತ್ರಗಳೂ ಈ ಆಪತ್ತಿನಿಂದ ದೂರವಿಲ್ಲ. 2013ರ ಜುಲೈ ತಿಂಗಳಿನಲ್ಲಿ ಮೂಡಬಿದಿರೆಯ ಸಿದ್ಧಾಂತ ದರ್ಶನದ ಅಮೂಲ್ಯ ಮೂರ್ತಿಗಳಲ್ಲಿ ಹಲವು ಕಳವಾದ ಸುದ್ದಿಯನ್ನು ಕೇಳಿ ಸಮಾಜವೆಲ್ಲ ತಲ್ಲಣಿಸಿತು. ಅಷ್ಟು ಪ್ರಸಿದ್ಧವಾದ ಕ್ಷೇತ್ರದಲ್ಲಿಯೇ ಹೀಗಾದರೆ, ವಾರಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ, ಜೈನರ ಮನೆ ಒಂದೋ ಎರಡೋ ಉಳಿದಿರುವ ಹಳ್ಳಿಯ ಬಸದಿಯ ಗತಿಯೇನು? ಅಲ್ಲಿಯ ಬಿಂಬವು ಕಾಣೆಯಾದರೆ, ಅದರ ಎತ್ತರವೆಷ್ಟು, ಲಾಂಛನವೇನೆಂದು ಕೇಳಿದ ಪೋಲೀಸರಿಗೆ ಉತ್ತರಿಸುವವರು ಯಾರು?

ಸರ್ಕಾರದ ಕಾನೂನೂ ಇದನ್ನೇ ಹೇಳುತ್ತದೆ. 1972ರ ಪುರಾತನ ವಸ್ತುಗಳ ಮತ್ತು ಕಲಾನಿಧಿಗಳ ಅಧಿನಿಯಮವು 1976ರ ಏಪ್ರಿಲ್ 5ರಿಂದ ಜಾರಿಗೆ ಬಂತು. 100 ವರ್ಷಕ್ಕೆ ಕಡಮೆಯಿಲ್ಲದ ಮೂರ್ತಿಗಳು, 75 ವರ್ಷಕ್ಕೆ ಕಡಮೆಯಿಲ್ಲದ ಹಸ್ತಪ್ರತಿಗಳು ಅದರ ವ್ಯಾಪ್ತಿಗೆ ಬರುತ್ತವೆ. ಕಲ್ಲು ಲೋಹಗಳ ಮೂರ್ತಿಗಳು, ಸಚಿತ್ರ ಹಸ್ತಪ್ರತಿಗಳು ಮುಂತಾದುವನ್ನು ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ನೋಂದಾಯಿಸಿದರೆ ಸರ್ಕಾರವು ಮೂರ್ತಿಯನ್ನು ಎತ್ತಿಕೊಂಡು ಹೋಗುತ್ತದೆಂಬ ಭಯವು ಕೆಲವರಲ್ಲಿದೆ. ನೋಂದಣಿಯೆಂದರೆ ಗುರುತಿನ ಪತ್ರ. ಮಗುವಿನ ಜನನವನ್ನು ಪಂಚಾಯತಿಯಲ್ಲಿ ಬರೆಯಿಸಿದ ಮಾತ್ರಕ್ಕೆ ಮಗು ಪಂಚಾಯತಿಯದಾಗುವುದಿಲ್ಲ.

ಇನ್ನೂ ಎರಡು ಆಕ್ಷೇಪಣೆಗಳು ಹಿರಿಯರಿಂದ ಕೇಳಿಬರುತ್ತವೆ. ಅವು ಗೌರವದಿಂದ ಆಲಿಸತಕ್ಕ ಆಕ್ಷೇಪಣೆಗಳು. ಪೂಜೆಗೊಳ್ಳುವ ಬಿಂಬವನ್ನು ಪ್ರದರ್ಶನದ ವಸ್ತುವಿನಂತೆ ಎಣಿಸಿ ಸಂಖ್ಯೆ ಹಾಕುವುದು ಅವಿನಯವಲ್ಲವೇ ಎಂಬುದು ಮೊದಲನೆಯದು. ವಸ್ತುಸಂಗ್ರಹಾಲಯಕ್ಕೂ ಬಸದಿಗೂ ಇರುವ ಭೇದವು ಇಲ್ಲಿಯೇ ಇದೆ. ಸಂಗ್ರಹಾಲಯದಲ್ಲಿ ಮೂರ್ತಿಯು ಇತಿಹಾಸದ ಸಾಕ್ಷಿ. ಬಸದಿಯಲ್ಲಿ ಅದು ಆರಾಧ್ಯ. ಆದುದರಿಂದ ಬಿಂಬದ ಮೈಮೇಲೆ ಯಾವ ಗುರುತನ್ನೂ ಹಾಕತಕ್ಕುದಲ್ಲ. ಸಂಖ್ಯೆಯು ಪುಸ್ತಕದಲ್ಲಿ ಮತ್ತು ಛಾಯಾಚಿತ್ರದ ಹಿಂದೆ ಇದ್ದರೆ ಸಾಕು. ಅಳತೆ ತೆಗೆಯುವ ಕೆಲಸವನ್ನು, ಶುದ್ಧಿಯಿಂದ ಬಿಂಬವನ್ನು ಮುಟ್ಟುವ ಅಧಿಕಾರವುಳ್ಳ ಪುರೋಹಿತರೇ ಮಾಡಬೇಕು. ಬರೆಯುವವನು ಹೊರಗೆ ನಿಂತು ಬರೆದುಕೊಳ್ಳಲಿ. ಆಗ ವಿನಯಕ್ಕೂ ಕುಂದಿಲ್ಲ, ಲೆಕ್ಕಕ್ಕೂ ಕುಂದಿಲ್ಲ. ಪುರೋಹಿತರು ತಲೆಮಾರುಗಳಿಂದ ಆ ಬಿಂಬಗಳೊಡನೆ ಬದುಕಿದವರು. ಅವರ ಕೈಗೆ ತಿಳಿದುದು ಯಾವ ಪದವೀಧರನಿಗೂ ತಿಳಿಯದು. ಕಲಿಯಲು ಬಂದ ತರುಣರು ಮೊದಲು ಅವರ ಶಿಷ್ಯರಾಗಬೇಕು.

ಪಟ್ಟಿ ಮಾಡಿದರೆ ಕಳ್ಳರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ ಎಂಬುದು ಎರಡನೆಯದು. ತಿಜೋರಿಯ ಲೆಕ್ಕವನ್ನು ಯಾವ ವ್ಯಾಪಾರಿಯೂ ಅಂಗಡಿಯ ಹಲಗೆಯ ಮೇಲೆ ಬರೆಯುವುದಿಲ್ಲ. ಪಟ್ಟಿಯ ಒಂದು ಪ್ರತಿ ಮೊಕ್ತೇಸರರ ಬಳಿ ಬೀಗದಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿ, ಮಠದ ಭಂಡಾರದಲ್ಲಿರಲಿ. ಬಸದಿಗೆ ಬೆಂಕಿ ಬಿದ್ದರೂ ಪ್ರವಾಹ ಬಂದರೂ ಒಂದು ಪ್ರತಿ ಉಳಿಯಬೇಕು. ಪಟ್ಟಿಯಿಲ್ಲದಿರುವುದು ಕಳ್ಳನಿಗೆ ಅನುಕೂಲ. ಏಕೆಂದರೆ ಕದ್ದುದನ್ನು ಕದ್ದದ್ದೆಂದು ಸಾಧಿಸುವವರೇ ಇರುವುದಿಲ್ಲ.

ಲೆಕ್ಕದ ನಂತರ ರಕ್ಷಣೆ. ಇಲ್ಲಿ ಭಕ್ತಿಯಿಂದಲೇ ಹಾನಿಯಾಗುವ ಸಂದರ್ಭಗಳು ಹೆಚ್ಚು. ಪಂಚಲೋಹದ ಬಿಂಬವು ಹೊಳೆಯಲೆಂದು ಹುಳಿ, ಬೂದಿ, ಇಟ್ಟಿಗೆಪುಡಿ, ಪೇಟೆಯ ಪಾಲಿಶುಗಳಿಂದ ತಿಕ್ಕುತ್ತಾರೆ. ಪ್ರತಿಸಲವೂ ಲೋಹದ ತೆಳ್ಳನೆಯ ಪದರವೊಂದು ಹೋಗುತ್ತದೆ. ಮೊದಲು ಅಕ್ಷರ ಮಾಯವಾಗುತ್ತದೆ, ಬಳಿಕ ಮುಖದ ಕಳೆ ಮಾಯವಾಗುತ್ತದೆ. ಅಭಿಷೇಕದ ಎಳನೀರು, ಹಾಲು, ಕಷಾಯಗಳ ಅಂಶವು ಸಂದುಗಳಲ್ಲಿ ಉಳಿದರೆ ಅಲ್ಲಿ ತೇವ ನಿಲ್ಲುತ್ತದೆ. ತೇವ ಮತ್ತು ಉಪ್ಪಿನಂಶಗಳು ಕೂಡಿದಾಗ ತಾಮ್ರವುಳ್ಳ ಲೋಹದ ಮೇಲೆ ತಿಳಿಹಸುರು ಪುಡಿಯಂತಹ ಕಲೆಗಳು ಏಳುತ್ತವೆ. ಇದು ಲೋಹದ ರೋಗ. ಬಿಟ್ಟರೆ ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಅಭಿಷೇಕದ ಕೊನೆಯಲ್ಲಿ ಶುದ್ಧ ಜಲದಿಂದ ತೊಳೆದು, ಮೆತ್ತನೆಯ ಹತ್ತಿಯ ಬಟ್ಟೆಯಿಂದ ಸಂದುಸಂದುಗಳನ್ನೂ ಒತ್ತಿ ಒರಸಿ ಒಣಗಿಸುವುದೇ ಅದಕ್ಕೆ ಮೊದಲ ಔಷಧ. ಹಸುರು ಪುಡಿ ಕಂಡರೆ ಮನೆಮದ್ದು ಮಾಡದೆ ತಜ್ಞರಿಗೆ ತೋರಿಸಬೇಕು. 1976ರಲ್ಲಿ ಲಖನೌದಲ್ಲಿ ಆರಂಭವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆಯು ಮೈಸೂರಿನಲ್ಲಿಯೇ ಇದೆ.

ಓಲೆಗರಿಗೆ ಬೇರೆ ಉಪಚಾರ. ತೀರ ಒಣಗಿದರೆ ಅದು ಸಿಡಿಯುತ್ತದೆ. ತೇವವಾದರೆ ಬೂಸಲು ಹಿಡಿಯುತ್ತದೆ. ಕಟ್ಟನ್ನು ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಮಜ್ಜಿಗೆಹುಲ್ಲಿನ ತೈಲವನ್ನು ಮಿತವಾಗಿ ಸವರುವ ಕ್ರಮವು ಇಂದಿಗೂ ಬಳಕೆಯಲ್ಲಿದೆ. ಆದರೆ ಮಸಿಯಿಂದ ಬರೆದ ಗರಿಗೂ ಕಂಠದಿಂದ ಕೊರೆದ ಗರಿಗೂ ಒಂದೇ ಉಪಚಾರವಲ್ಲ. ಮಸಿಯ ಬರಹವು ಒರಸಿದರೆ ಅಳಿದುಹೋದೀತು. ಆದುದರಿಂದ ಈ ಕೆಲಸವನ್ನು ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯತಕ್ಕುದು. ಓಲೆಗರಿಗಳನ್ನೂ ಚಿತ್ರಗಳನ್ನೂ ಪ್ರದರ್ಶಿಸುವಾಗ ಬೆಳಕು 50 ಲಕ್ಸ್ ಪ್ರಮಾಣವನ್ನು ಮೀರಬಾರದೆಂದು ಸಂಗ್ರಹಾಲಯಗಳು ನಿಯಮವಿಟ್ಟುಕೊಂಡಿವೆ. ಅದು ಮಂದವಾದ ದೀಪದ ಬೆಳಕಿನಷ್ಟು. ಹಿಂದಿನವರು ಗ್ರಂಥಗಳನ್ನು ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟುದು ಮೂಢತನವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ನಿಜವಾಗಿ ನೋಡಿದರೆ ಈ ವಿದ್ಯೆಯು ಜೈನರಿಗೆ ಪರಕೀಯವಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯು ಶ್ರುತಪಂಚಮಿ. ಷಟ್ಖಂಡಾಗಮವು ಗ್ರಂಥಾರೂಢವಾಗಿ ಪೂಜೆಗೊಂಡ ದಿನ. ಅಂದು ಶಾಸ್ತ್ರಭಂಡಾರದ ಬಾಗಿಲು ತೆರೆದು, ಗ್ರಂಥಗಳ ಧೂಳು ಕೊಡವಿ, ಹೊಸ ಬಟ್ಟೆ ಹೊದಿಸಿ ಪೂಜಿಸುವುದು ಪರಂಪರೆ. ಮಳೆಗಾಲವು ಬಲಗೊಳ್ಳುವ ಮುಂಚೆ ವರ್ಷಕ್ಕೊಮ್ಮೆ ಪ್ರತಿಯೊಂದು ಕಟ್ಟನ್ನೂ ಕಣ್ಣಿಟ್ಟು ನೋಡುವ ಏರ್ಪಾಡು ಇದರಲ್ಲಿಯೇ ಅಡಗಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂದು ಕಡೆ ನಾಶವಾದರೆ ಇನ್ನೊಂದು ಕಡೆ ಉಳಿಯಲೆಂಬ ಜ್ಞಾನರಕ್ಷಣೆಯ ತತ್ತ್ವಕ್ಕೆ ಸಾವಿರ ವರ್ಷಗಳ ಹಿಂದಿನ ಈ ಶ್ರಾವಿಕೆಯ ದಾನಕ್ಕಿಂತ ಮಿಗಿಲಾದ ನಿದರ್ಶನವುಂಟೇ? ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವು ಈ ಕಾಲದಲ್ಲಿ ಈ ರೂಪವನ್ನು ತಾಳಬೇಕಾಗಿದೆ.

ಹಾಗಾದರೆ ಮಾಡತಕ್ಕುದೇನು? ಪ್ರತಿಯೊಂದು ಬಸದಿಯ ಊರಿನಿಂದ ಇಬ್ಬರು ತರುಣ ತರುಣಿಯರನ್ನು ಆರಿಸಿ, ರಜಾದಿನಗಳಲ್ಲಿ ಸ್ಥಳಗಳಿಗೆ ಕಳುಹಿಸಬೇಕು. ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಬೆಂಗಳೂರಿನಲ್ಲಿ 1865ರಷ್ಟು ಹಿಂದೆಯೇ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಶ್ರವಣಬೆಳಗೊಳ, ಮೂಡಬಿದಿರೆ, ಕಾರ್ಕಳ, ಹೊಂಬುಜಗಳಂತೂ ಬಯಲಿನಲ್ಲಿ ತೆರೆದಿಟ್ಟ ಮಹಾಪಾಠಶಾಲೆಗಳು. ಅಲ್ಲಿಗೆ ಹೋದವರು ನೋಡಿ ಬಂದರೆ ಸಾಲದು. ಒಂದು ಮೂರ್ತಿಯ ಮುಂದೆ ಒಂದು ಗಂಟೆ ಕುಳಿತು ಕಂಡುದನ್ನೆಲ್ಲ ಬರೆಯಲಿ. ಮುಕ್ಕೊಡೆ ಇದೆಯೇ, ಲಾಂಛನವೇನು, ಯಕ್ಷ ಯಾರು, ಪೀಠದಲ್ಲಿ ಬರಹವಿದೆಯೇ, ಅಕ್ಷರದ ರೂಪ ಹೇಗಿದೆ ಎಂದು. ಯಾತ್ರೆಗೆ ಬಂದವನು ಐದು ನಿಮಿಷದಲ್ಲಿ ಕೈಮುಗಿದು ಹೊರಟುಹೋಗುತ್ತಾನೆ. ಕಲಿಯಲು ಬಂದವನಿಗೆ ಐದನೆಯ ನಿಮಿಷದಿಂದ ಮೂರ್ತಿಯು ಮಾತನಾಡತೊಡಗುತ್ತದೆ. ಬಳಿಕ ಊರಿಗೆ ಮರಳಿ, ಪುರೋಹಿತರ ಸಮ್ಮುಖದಲ್ಲಿ, ಹತ್ತು ವಸ್ತುಗಳ ದಾಖಲೆಯನ್ನು ಮಾಡಲಿ. ಹತ್ತು ಸರಿಯಾದರೆ ನೂರು ಕಷ್ಟವಲ್ಲ.

ಜೀರ್ಣೋದ್ಧಾರದ ವಿಷಯದಲ್ಲಿ ಒಂದು ಮಾತು. ಹಳೆಯ ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿಯುವುದು, ಮರಳನ್ನು ರಭಸದಿಂದ ಹಾರಿಸಿ ಕಲ್ಲನ್ನು ಉಜ್ಜುವುದು, ಶಾಸನದ ಕಲ್ಲನ್ನು ತಳಪಾಯಕ್ಕೆ ಹಾಕುವುದು, ಕೆತ್ತನೆಯ ಕಂಬವನ್ನು ಕಿತ್ತು ನುಣುಪಾದ ಹೊಸ ಕಲ್ಲು ಹಾಸುವುದು ಇವೆಲ್ಲ ಸದ್ಭಾವನೆಯಿಂದಲೇ ನಡೆಯುತ್ತಿವೆ. ಉದ್ಧಾರವೆಂದರೆ ಎತ್ತಿ ನಿಲ್ಲಿಸುವುದು. ಅಳಿಸಿ ಬರೆಯುವುದು ಉದ್ಧಾರವಾಗಲಾರದು. ಭಿನ್ನವಾದ ಬಿಂಬಗಳನ್ನು ಜಲದಲ್ಲಿ ವಿಸರ್ಜಿಸುವ ಪದ್ಧತಿಯೂ ಕೆಲವೆಡೆ ಉಂಟು. ಅದು ಧರ್ಮದ ನಿರ್ಣಯ; ಪೂಜ್ಯ ಮುನಿಗಳೂ ಭಟ್ಟಾರಕರೂ ಪ್ರತಿಷ್ಠಾಚಾರ್ಯರೂ ಹೇಳಿದಂತೆ ನಡೆಯತಕ್ಕುದು. ಆದರೆ ಅವರಲ್ಲಿ ಸಮಾಜವು ಒಂದು ವಿನಂತಿಯನ್ನು ಮಾಡಬಹುದು. ಯಾವುದೇ ಭಿನ್ನ ಬಿಂಬವನ್ನು ನೀರಿಗೆ ಬಿಡುವ ಮೊದಲು ಅದರ ಛಾಯಾಚಿತ್ರ ತೆಗೆದು, ಪೀಠದ ಬರಹವನ್ನು ಬಲ್ಲವರಿಂದ ಓದಿಸಿ, ಸಾಧ್ಯವಾದರೆ ಗೌರವಯುತವಾದ ಪ್ರತ್ಯೇಕ ಸ್ಥಳದಲ್ಲಿ ಇರಿಸಲು ಅಪ್ಪಣೆ ಕೊಡಬೇಕೆಂದು. ಕಮ್ಮಾರ ಗೋವನ ಸರಸ್ವತಿಯೂ ಭಿನ್ನವಾದುದೇ ಎಂಬುದನ್ನು ಮರೆಯಲಾಗದು.

ಇದಕ್ಕೆಲ್ಲ ಬೇಕಾಗುವ ವೆಚ್ಚವು ಒಂದು ದಿನದ ಮಂಟಪದ ಅಲಂಕಾರದ ವೆಚ್ಚಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ. ಒಂದು ಗಟ್ಟಿ ಹೊದಿಕೆಯ ಪುಸ್ತಕ, ಅಳತೆಯ ಪಟ್ಟಿ, ತೂಕದ ಯಂತ್ರ, ಛಾಯಾಚಿತ್ರದ ಸಾಧನ, ಹತ್ತಿಯ ಬಟ್ಟೆ, ಮರದ ಪೆಟ್ಟಿಗೆ. ಛಾಯಾಚಿತ್ರದ ಸಾಧನವು ಈಗ ಪ್ರತಿಯೊಬ್ಬ ತರುಣನ ಜೇಬಿನಲ್ಲಿಯೇ ಇದೆ. ಕೊರತೆಯಿರುವುದು ಕುಳಿತು ಮಾಡುವ ತಾಳ್ಮೆಗೆ ಮಾತ್ರ. ಆ ತಾಳ್ಮೆಯನ್ನು ಸಾಮಾಯಿಕದ ಸಮಾಜಕ್ಕೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಧರ್ಮಬಂಧುಗಳೇ, ಆ ಪುಸ್ತಕದ ಮೊದಲ ಪುಟವನ್ನು ಬರೆಯಲು ಇಂದಿಗಿಂತ ಶುಭದಿನವಿಲ್ಲ. ಇಂದು ಪ್ರತಿಷ್ಠೆಗೊಂಡ ಬಿಂಬದ ಶಿಲೆಯನ್ನು ಯಾವ ಊರಿನ ಗಣಿಯಿಂದ ತಂದರು, ಕಡೆದ ಶಿಲ್ಪಿ ಯಾರು, ಎತ್ತರವೆಷ್ಟು, ತೂಕವೆಷ್ಟು, ಯಾವ ತಿಥಿಯಲ್ಲಿ ಯಾರ ಸಾನ್ನಿಧ್ಯದಲ್ಲಿ ಪ್ರತಿಷ್ಠೆಯಾಯಿತು, ದಾನಿಗಳು ಯಾರು ಎಂಬುದೆಲ್ಲ ಇಂದು ಎಲ್ಲರಿಗೂ ಗೊತ್ತು. ಐವತ್ತು ವರ್ಷಗಳ ಅನಂತರ ಯಾರಿಗೂ ಗೊತ್ತಿರುವುದಿಲ್ಲ. ಆಡಳಿತ ಮಂಡಳಿಯವರು ಈ ಉತ್ಸವವು ಮುಗಿಯುವ ಮೊದಲೇ ಇದನ್ನು ಬರೆಯಿಸಿ, ಒಂದನೆಯ ಸಂಖ್ಯೆಯನ್ನು ಕೊಡಲಿ. ಎರಡನೆಯ ಸಂಖ್ಯೆಯು ಆ ಕತ್ತಲೆಯ ಕೋಣೆಯ ಬಾಗಿಲು ತೆರೆದಾಗ ಮೊದಲು ಕೈಗೆ ಸಿಕ್ಕಿದ ವಸ್ತುವಿಗೆ ಸಲ್ಲಲಿ. ಮುಂದಿನ ಶ್ರುತಪಂಚಮಿಯ ಹೊತ್ತಿಗೆ ಆ ಕೋಣೆಯಲ್ಲಿ ಹೆಸರಿಲ್ಲದ ವಸ್ತು ಒಂದೂ ಉಳಿಯದಿರಲಿ.

ಜೈ ಜಿನೇಂದ್ರ.